ಕಿಂಗ್ ಕ್ರಿಮ್ಸನ್ 1969: ಎಂಟು ತಿಂಗಳ ಬ್ಯಾಂಡು, ಉಳಿದುಕೊಂಡ ಟೇಪುಗಳು

ಮೆಲ್ಲೊಟ್ರಾನ್_ಮೋಹಿ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ರಾತ್ರಿ ಊಟ ಆದಮೇಲೆ ಹೆಡ್‌ಫೋನ್ ಹಾಕಿಕೊಂಡು ನಾನು ಕೇಳುತ್ತಿರುವುದು ಇಂಗ್ಲೆಂಡಿನ ರಾಕ್ ಬ್ಯಾಂಡು ಕಿಂಗ್ ಕ್ರಿಮ್ಸನ್‌ನ 1969ರ ಲೈವ್ ರೆಕಾರ್ಡಿಂಗ್‌ಗಳನ್ನು ಮಾತ್ರ. ಇದರ ಬಗ್ಗೆ ಕನ್ನಡದಲ್ಲಿ ಮಾತಾಡೋಣ ಅಂತ ಈ ಎಳೆ ಶುರು ಮಾಡುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1969ರ ಜನವರಿ 13ರಂದು ಲಂಡನ್ನಿನ ಫುಲಮ್ ಪ್ಯಾಲೇಸ್ ಕೆಫೆಯ ನೆಲಮಾಳಿಗೆಯಲ್ಲಿ ಇವರ ತಾಲೀಮು ಶುರುವಾಯಿತು. ರಾಬರ್ಟ್ ಫ್ರಿಪ್ ಗಿಟಾರು. ಗ್ರೆಗ್ ಲೇಕ್ ಹಾಡು ಮತ್ತು ಬೇಸ್. ಇಯಾನ್ ಮೆಕ್‌ಡೊನಾಲ್ಡ್ ಸ್ಯಾಕ್ಸೊಫೋನು, ಕೊಳಲು, ಮೆಲ್ಲೊಟ್ರಾನು. ಮೈಕಲ್ ಜೈಲ್ಸ್ ಡ್ರಮ್ಸ್. ಐದನೆಯವರು ಪೀಟರ್ ಸಿನ್‌ಫೀಲ್ಡ್. ಅವರು ಯಾವ ವಾದ್ಯವನ್ನೂ ನುಡಿಸುತ್ತಿರಲಿಲ್ಲ. ಹಾಡಿನ ಸಾಹಿತ್ಯ ಬರೆಯುತ್ತಿದ್ದರು, ಶೋಗಳಲ್ಲಿ ಲೈಟು ನೋಡಿಕೊಳ್ಳುತ್ತಿದ್ದರು. ಏಪ್ರಿಲ್ 9ಕ್ಕೆ ಸ್ಪೀಕ್‌ಈಸಿ ಕ್ಲಬ್ಬಿನಲ್ಲಿ ಲಂಡನ್ನಿನ ಮೊದಲ ಶೋ. ಜುಲೈ 5ಕ್ಕೆ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಹಾಡುವ ಮೊದಲು ಇವರ ಸರದಿ. ಅಕ್ಟೋಬರ್ 10ಕ್ಕೆ ಮೊದಲ ಆಲ್ಬಮ್, ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’. ಡಿಸೆಂಬರ್ 14ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್‌ನಲ್ಲಿ ಕೊನೆಯ ಶೋ. ಅಲ್ಲಿಗೆ ಈ ಐದು ಜನರ ಬ್ಯಾಂಡು ಮುಗಿಯಿತು. ಸ್ಪೀಕ್‌ಈಸಿ ಶೋದಿಂದ ಲೆಕ್ಕ ಹಾಕಿದರೆ ಎಂಟು ತಿಂಗಳು, ಮೇಲೆ ಐದು ದಿನ.

ಆಲ್ಬಮ್ ಎಲ್ಲರಿಗೂ ಗೊತ್ತು. ಮುಖಪುಟದಲ್ಲಿ ಬಾಯಿ ಅಗಲ ತೆರೆದು ಕಿರುಚುವ ಆ ಕೆಂಪು ಮುಖ ಯಾರಿಗೆ ನೆನಪಿಲ್ಲ? ಆದರೆ ಸ್ಟುಡಿಯೋದ ಆ 44 ನಿಮಿಷ ಒಂದು ಬ್ಯಾಂಡು. ಜನರ ಮುಂದೆ ನಿಂತು ನುಡಿಸುತ್ತಿದ್ದ ಬ್ಯಾಂಡು ಬೇರೆಯೇ. ಆರ್ಕೆಸ್ಟ್ರಾ ಸಂಗೀತ ಬರೆಯುತ್ತಿದ್ದ ಹೋಲ್ಸ್ಟ್ ಅವರ ‘ಮಾರ್ಸ್’ ಇವರು ಶೋ ಮುಗಿಸುತ್ತಿದ್ದ ತುಣುಕು, ಅದು ಆಲ್ಬಮ್‌ನಲ್ಲಿ ಇಲ್ಲ. ಗಾಯಕ ಡೊನೊವನ್ ಅವರ ಒಂದು ಚಿಕ್ಕ ಹಾಡನ್ನು ಎತ್ತಿಕೊಂಡು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತಿದ್ದರು, ಅದೂ ಇಲ್ಲ. ‘ಎ ಮ್ಯಾನ್, ಎ ಸಿಟಿ’ ಮುಂದಿನ ವರ್ಷ ಬೇರೆ ಹೆಸರಲ್ಲಿ, ಎರಡನೇ ಆಲ್ಬಮ್‌ನಲ್ಲಿ ಬಂತು. ಅಷ್ಟು ಹೊತ್ತಿಗೆ ಇದನ್ನು ಕಟ್ಟಿದ ಬ್ಯಾಂಡೇ ಚೆದುರಿಹೋಗಿತ್ತು.

ಈ ಟೇಪುಗಳು ಉಳಿಯದೇ ಹೋಗಿದ್ದರೆ ಆ ಎಂಟು ತಿಂಗಳಲ್ಲಿ ನಿಜವಾಗಿ ಏನು ನಡೆಯಿತು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ನನಗೆ ಇವು ಆಲ್ಬಮ್‌ಗಿಂತ ಒಂದು ಕೈ ಮೇಲೆ. ನೀವೇನು ಹೇಳುತ್ತೀರಿ?


ಜಯನಗರ_4ನೇಬ್ಲಾಕ್:

ಚೆನ್ನಾಗಿ ಬರೆದಿದ್ದೀರಿ. ಆದರೆ ನಾನು ಒಪ್ಪುವುದಿಲ್ಲ.

ಮೂವತ್ತು ವರ್ಷದಿಂದ ಆ ಆಲ್ಬಮ್ ಕೇಳುತ್ತಿದ್ದೇನೆ. ಅದರ ಒಂದೊಂದು ಸದ್ದೂ ಯೋಚನೆ ಮಾಡಿ ಇಟ್ಟಿದ್ದು. ವೆಸೆಕ್ಸ್ ಸ್ಟುಡಿಯೋದಲ್ಲಿ ಎಂಟು ಟ್ರ್ಯಾಕ್ ಯಂತ್ರದ ಮೇಲೆ ಕೊಳಲು, ಮೆಲ್ಲೊಟ್ರಾನು ಎಲ್ಲ ಪದರ ಪದರವಾಗಿ ಕೂರಿಸಿದ್ದಾರೆ. ಅದನ್ನು ಬಿಟ್ಟು ಮಡಿಕೆಯೊಳಗೆ ಹಾಡಿದ ಹಾಗೆ ಕೇಳುವ ರೆಕಾರ್ಡಿಂಗ್ ಯಾಕೆ ಕೇಳಬೇಕು? ಹೈಡ್ ಪಾರ್ಕಿನದ್ದು ಹಾಕಿ ನೋಡಿದೆ. ಡ್ರಮ್ಸ್ ಯಾವುದು, ಬೇಸ್ ಯಾವುದು ಅಂತಾನೇ ತಿಳಿಯಲಿಲ್ಲ. ಹತ್ತು ನಿಮಿಷಕ್ಕೆ ನಿಲ್ಲಿಸಿದೆ.

ಕಲಾವಿದರು ಇದು ನಮ್ಮ ಕೆಲಸ ಅಂತ ಒಪ್ಪಿ ಹೊರಗೆ ಬಿಟ್ಟಿದ್ದು ಆಲ್ಬಮ್. ಯಾರೋ ಕೋಟಿನ ಒಳಗೆ ಇಟ್ಟುಕೊಂಡು ಹೋದ ಯಂತ್ರ ಹಿಡಿದಿದ್ದನ್ನು ಅವರ ಕೆಲಸ ಅನ್ನೋದು ಅವರಿಗೆ ನ್ಯಾಯ ಅಲ್ಲ ಅಂತ ನನ್ನ ಅನಿಸಿಕೆ.


ಡ್ರಮ್ಸ್_ಶಿಷ್ಯ:

ಸರ್, ಹೈಡ್ ಪಾರ್ಕಿನದ್ದನ್ನು ಮೊದಲು ಕೇಳಿದರೆ ಯಾರಿಗಾದರೂ ಹಾಗೇ ಆಗುತ್ತೆ. ಅದು ಜನರ ಮಧ್ಯದಿಂದ ಹಿಡಿದಿದ್ದು. ಬಯಲು, ಗಾಳಿ. ಜನ ಎರಡೂವರೆ ಲಕ್ಷ ಅನ್ನುವವರೂ ಇದ್ದಾರೆ, ಐದು ಲಕ್ಷ ಅನ್ನುವವರೂ ಇದ್ದಾರೆ.

ನಾನು ಡ್ರಮ್ಸ್ ಕಲಿಯುತ್ತಿದ್ದೇನೆ. ನನ್ನ ಮಟ್ಟಿಗೆ ಹೇಳುತ್ತೇನೆ. ಆಲ್ಬಮ್‌ನಲ್ಲಿ ಮೈಕಲ್ ಜೈಲ್ಸ್ ಎಷ್ಟು ಅಚ್ಚುಕಟ್ಟು ಅಂತ ಗೊತ್ತಾಗುತ್ತೆ. ಲೈವ್‌ನಲ್ಲಿ ಆ ಮನುಷ್ಯ ಎಷ್ಟು ಧೈರ್ಯವಂತ ಅಂತ ಗೊತ್ತಾಗುತ್ತೆ. ಆಲ್ಬಮ್‌ನ ‘ಸ್ಕಿಜಾಯ್ಡ್ ಮ್ಯಾನ್’ ಹಾಡಿನ ಮಧ್ಯದಲ್ಲಿ ನಾಲ್ಕೂ ಜನ ಒಟ್ಟಿಗೆ ನುಡಿಸಿ, ತಟಕ್ಕಂತ ನಿಲ್ಲಿಸಿ, ಮತ್ತೆ ಒಟ್ಟಿಗೆ ಎತ್ತಿಕೊಳ್ಳುವ ಭಾಗ ಇದೆಯಲ್ಲ, ಸ್ಟುಡಿಯೋದಲ್ಲಿ ಅದು ತಪ್ಪಿದರೆ ಇನ್ನೊಂದು ಸಲ ಮಾಡಬಹುದು. ಲೈವ್‌ನಲ್ಲಿ ಆ ನಿಶ್ಶಬ್ದದ ಒಳಗೆ ಜನ ಕೆಮ್ಮೋದು ಸಹ ಕೇಳುತ್ತೆ. ಅಲ್ಲಿಂದ ನಾಲ್ಕೂ ಜನ ಒಂದೇ ಉಸಿರಿಗೆ ಏಳುತ್ತಾರೆ. ಕೆಟ್ಟ ರೆಕಾರ್ಡಿಂಗ್‌ನಲ್ಲೂ ನನಗೆ ಮೈ ಜುಮ್ಮಂತು.

ಮಡಿಕೆಯೊಳಗಿನ ಸದ್ದು ಅಂದಿರಿ. ಹತ್ತು ನಿಮಿಷದಲ್ಲಿ ಕಿವಿ ಅದಕ್ಕೆ ಹೊಂದಿಕೊಳ್ಳುತ್ತೆ. ನೀವು ಸರಿಯಾಗಿ ಅಲ್ಲೇ ನಿಲ್ಲಿಸಿಬಿಟ್ಟಿರಿ.


ಹೊಸಕಿವಿ:

ನಾನು ಈ ಬ್ಯಾಂಡಿಗೆ ಹೊಸಬಳು. ಕಾಲೇಜಲ್ಲಿ ಸೀನಿಯರ್ ಒಬ್ಬರು ಆಲ್ಬಮ್ ಕೇಳಿಸಿದರು, ಅಷ್ಟೇ. ಲೈವ್ ರೆಕಾರ್ಡಿಂಗ್ ಎಷ್ಟಿವೆ? ಎಲ್ಲಿಂದ ಶುರು ಮಾಡಲಿ? ಬೂಟ್‌ಲೆಗ್ ಅಂದರೆ ಏನು, ಕಾನೂನಿಗೆ ವಿರುದ್ಧವಾ?


ಮೆಲ್ಲೊಟ್ರಾನ್_ಮೋಹಿ:

@ಹೊಸಕಿವಿ, ಬನ್ನಿ ಬನ್ನಿ.

ಬ್ಯಾಂಡಿನ ಒಪ್ಪಿಗೆ ಇಲ್ಲದೆ ಶೋ ರೆಕಾರ್ಡ್ ಮಾಡಿ ಮಾರಿದರೆ ಅದು ಬೂಟ್‌ಲೆಗ್. ಮಾರುವುದು ತಪ್ಪೇ. ಆದರೆ ಈಗ ನೀವು ಆ ಕಡೆ ಹೋಗಬೇಕಾದ ಅಗತ್ಯವೇ ಇಲ್ಲ. ಫ್ರಿಪ್ ಮತ್ತು ಡೇವಿಡ್ ಸಿಂಗಲ್ಟನ್ ಸೇರಿ 1992ರಲ್ಲಿ ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್, ಅಂದರೆ ಡಿಜಿಎಂ ಅನ್ನೋ ಸಂಸ್ಥೆ ಕಟ್ಟಿದರು. ಹಾಡಿನ ಹಕ್ಕು ಕಲಾವಿದರ ಹತ್ತಿರವೇ ಇರಬೇಕು ಅನ್ನೋದು ಅದರ ನಿಯಮ. ಹಳೆಯ ಟೇಪುಗಳನ್ನು ಹುಡುಕಿ, ತೊಳೆದು, ಹೊರಗೆ ತರುವ ಕೆಲಸ ಅವರೇ ಮಾಡುತ್ತಿದ್ದಾರೆ.

ನೀವು ‘ಎಪಿಟಾಫ್’ ಸೆಟ್‌ನಿಂದ ಶುರು ಮಾಡಿ. 1997ರಲ್ಲಿ ಬಂದಿದ್ದು, ನಾಲ್ಕು ಡಿಸ್ಕ್. ಮೊದಲನೆಯದರಲ್ಲಿ ಬಿಬಿಸಿ ರೇಡಿಯೊಗೆ ನುಡಿಸಿದ ತುಣುಕುಗಳು, ಆಮೇಲೆ ಅಮೆರಿಕದ ಫಿಲ್ಮೋರ್ ಸಭಾಂಗಣಗಳ ಶೋಗಳು, ಈಸ್ಟ್ ನ್ಯೂಯಾರ್ಕಿನದ್ದು, ವೆಸ್ಟ್ ಸ್ಯಾನ್ ಫ್ರಾನ್ಸಿಸ್ಕೊದ್ದು. ಎರಡನೆಯದು ಡಿಸೆಂಬರ್ 14ರ ಕೊನೆಯ ಶೋ. ಮೂರನೆಯದು ಆಗಸ್ಟ್ 9ರಂದು ಪ್ಲಂಪ್ಟನ್ ಕುದುರೆ ರೇಸಿನ ಮೈದಾನದಲ್ಲಿ ನಡೆದ ಉತ್ಸವದ್ದು. ನಾಲ್ಕನೆಯದು ಸೆಪ್ಟೆಂಬರ್ 7ರಂದು ಚೆಸ್ಟರ್‌ಫೀಲ್ಡ್ ಅನ್ನೋ ಊರಿನ ಜಾಝ್ ಕ್ಲಬ್ಬಿನದ್ದು. ಮೊದಲ ಎರಡು ಕಿವಿಗೆ ಹಿತ. ಉಳಿದೆರಡಕ್ಕೆ ಸ್ವಲ್ಪ ತಾಳ್ಮೆ ಬೇಕು.

1998ರಿಂದ ಕಲೆಕ್ಟರ್ಸ್ ಕ್ಲಬ್ ಅಂತ ಚಂದಾದಾರರಿಗೆ ಅಂಚೆಯಲ್ಲಿ ಸಿಡಿ ಕಳಿಸಲು ಶುರು ಮಾಡಿದರು. ಅದರ ಮೊದಲ ಸಿಡಿಯೇ ಲಂಡನ್ನಿನ ಮಾರ್ಕೀ ಕ್ಲಬ್ಬಿನ 1969ರ ಜುಲೈ 6ರ ಶೋ. ತಾರೀಖು ನೋಡಿ. ಹೈಡ್ ಪಾರ್ಕಿನ ಮಾರನೇ ದಿನ! ಹೈಡ್ ಪಾರ್ಕಿನದು ಅದೇ ಸರಣಿಯಲ್ಲಿ 2002ಕ್ಕೆ ಬಂತು, ಫಿಲ್ಮೋರ್ ಈಸ್ಟ್‌ನ ನವೆಂಬರ್ 21 ಮತ್ತು 22ರದ್ದು 2004ಕ್ಕೆ. ಆಮೇಲೆ 2020ರಲ್ಲಿ 1969ರದ್ದು ಎಲ್ಲ ಸೇರಿಸಿ 26 ಡಿಸ್ಕಿನ ಒಂದು ದೊಡ್ಡ ಪೆಟ್ಟಿಗೆ ತಂದರು.

ಅಷ್ಟು ದುಡ್ಡು ಸುರಿಯಬೇಕಿಲ್ಲ. ಡಿಜಿಎಂ ಲೈವ್ ಜಾಲತಾಣದಲ್ಲಿ ಒಂದೊಂದೇ ಶೋ ಡೌನ್‌ಲೋಡ್ ಮಾಡಿಕೊಳ್ಳಬಹುದು.


ಜಯನಗರ_4ನೇಬ್ಲಾಕ್:

44 ನಿಮಿಷದ ಆಲ್ಬಮ್‌ಗೆ 26 ಡಿಸ್ಕ್. ಇದನ್ನೇ ನಾನು ಹೇಳುತ್ತಿರುವುದು. ಎಲ್ಲವನ್ನೂ ಉಳಿಸಿ, ಬೇಡ ಅನ್ನುವುದಿಲ್ಲ. ಆದರೆ ಉಳಿಸೋದು ಬೇರೆ, ಬಿಡುಗಡೆ ಮಾಡೋದು ಬೇರೆ.

ಇನ್ನೊಂದು ಮಾತು. ಕದ್ದು ರೆಕಾರ್ಡ್ ಮಾಡುವವರನ್ನು ಕಂಡರೆ ಫ್ರಿಪ್ ಅವರಿಗೆ ಆಗುತ್ತಿರಲಿಲ್ಲ. ಶೋಗಳಲ್ಲಿ ಫೋಟೊ ತೆಗೆಯಬೇಡಿ, ರೆಕಾರ್ಡ್ ಮಾಡಬೇಡಿ ಅಂತ ಅವರು ಜೀವನಪೂರ್ತಿ ಹೇಳಿದ್ದಾರೆ. ಅದು ಗೊತ್ತಿದ್ದೂ ನಾವು ಆ ಟೇಪುಗಳನ್ನು ಹೊಗಳಬೇಕಾ?


ಲೀಡ್ಸ್_ಕನ್ನಡತಿ:

ಈ ಪ್ರಶ್ನೆ ನನ್ನನ್ನೂ ತುಂಬಾ ಕಾಡಿದೆ.

ನನಗೆ ಫ್ರಿಪ್ ಹೇಳುವುದು ಅರ್ಥವಾಗುತ್ತೆ. ಕೇಳುವವರು ಮತ್ತು ನುಡಿಸುವವರ ನಡುವೆ ಒಂದು ನಂಬಿಕೆ ಇರುತ್ತೆ. ಯಂತ್ರ ಮಧ್ಯೆ ಬಂದರೆ ಅದು ಮುರಿಯುತ್ತೆ. 2014ರಿಂದ 2021ರವರೆಗಿನ ಶೋಗಳಲ್ಲಿ ಒಂದು ಒಳ್ಳೆ ಪದ್ಧತಿ ಇತ್ತು. ಇಡೀ ಶೋ ಯಾರೂ ಫೋನ್ ತೆಗೆಯುವಂತಿಲ್ಲ. ಕೊನೆಯಲ್ಲಿ ಬೇಸ್ ನುಡಿಸುವ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಕೈಗೆ ಎತ್ತಿಕೊಳ್ಳುತ್ತಾರೆ. ಆಗ ಜನರೂ ತೆಗೆಯಬಹುದು. ಅದಕ್ಕೆ ಮುಂಚೆ ಕೇಳುವುದಷ್ಟೇ ಕೆಲಸ.

ಆದರೆ 1969ರ ಕಥೆ ಬೇರೆ. ಆಗ ಹೊಸ ಬ್ಯಾಂಡಿನ ಶೋ ಟೇಪು ಮಾಡಿ ಇಡಬೇಕು ಅನ್ನುವ ಯೋಚನೆ ಯಾರಿಗಿತ್ತು? ಬಿಬಿಸಿಯಲ್ಲೂ ಆ ಕಾಲಕ್ಕೆ ಎಷ್ಟೋ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಅಳಿಸದೆ ಇಟ್ಟಿದ್ದು ಯಾರು? ಮನೆಯಲ್ಲಿ ರೇಡಿಯೊ ಮುಂದೆ ಯಂತ್ರ ಇಟ್ಟುಕೊಂಡು ಕೂತ ಹುಡುಗರು, ಕ್ಲಬ್ಬಿಗೆ ಯಂತ್ರ ಹೊತ್ತುಕೊಂಡು ಹೋದ ಹುಡುಗರು. ಕದ್ದು ಟೇಪು ಮಾಡುವುದನ್ನು ಅಷ್ಟು ವಿರೋಧಿಸಿದ ಫ್ರಿಪ್ ಅವರೇ ಕೊನೆಗೆ ಅಂಥ ಟೇಪುಗಳನ್ನು ಕೈಗೆತ್ತಿಕೊಂಡರು. ಮಾರ್ಕೀ ಶೋ ಅಂಥದ್ದೇ. ಹಾಗಂತ ಅವರು ತಮ್ಮ ಮಾತು ಬಿಟ್ಟುಕೊಟ್ಟರು ಅಂತ ನನಗೆ ಅನಿಸುವುದಿಲ್ಲ. ಕಳ್ಳತನದಿಂದ ಹೋದ ಸಂಗೀತವನ್ನು ನುಡಿಸಿದವರ ಕೈಗೇ ವಾಪಸ್ ತಂದರು. ಅದರ ದುಡ್ಡೂ ಅವರಿಗೇ ಸೇರುವ ಹಾಗೆ ಮಾಡಿದರು. ನನಗೆ ಇದು ತುಂಬಾ ದೊಡ್ಡ ಕೆಲಸ.

ಇನ್ನೊಂದು ವಿಷಯ. ಲೀಡ್ಸ್‌ನಿಂದ ಚೆಸ್ಟರ್‌ಫೀಲ್ಡ್‌ಗೆ ರೈಲಿನಲ್ಲಿ ಒಂದು ಗಂಟೆ ಹತ್ತಿರ ಆಗುತ್ತೆ. ಹೋದ ವರ್ಷ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಗೋಪುರ ತಿರುಚಿಕೊಂಡಿರುವ ಒಂದು ಹಳೆ ಚರ್ಚ್ ಇದೆ, ಊರಿಗೆ ಅದೇ ಹೆಸರು ತಂದಿರುವುದು. ರೈಲಿನಲ್ಲಿ ಬರುವಾಗಲೇ ಕಾಣಿಸುತ್ತೆ. ಜುಲೈನಲ್ಲಿ ಲಕ್ಷಗಟ್ಟಲೆ ಜನರ ಮುಂದೆ ನುಡಿಸಿದವರು ಎರಡು ತಿಂಗಳಿಗೆ ಇಂಥ ಊರಿಗೆ ಒಂದು ಭಾನುವಾರ ಬಂದು ಜಾಝ್ ಕ್ಲಬ್ಬಿನಲ್ಲಿ ನುಡಿಸಿದ್ದಾರೆ. ವಾಪಸ್ ಬರುವಾಗ ರೈಲಿನಲ್ಲಿ ಆ ಶೋ ಹಾಕಿಕೊಂಡೆ. ಸದ್ದು ಒರಟಾಗಿದೆ. ಆದರೆ ಆಲ್ಬಮ್ ಇನ್ನೂ ಅಂಗಡಿಗೇ ಬಂದಿಲ್ಲ ಅನ್ನೋದು ನೆನಪಿಟ್ಟುಕೊಂಡು ಕೇಳಿ. ಅಲ್ಲಿ ಕೂತವರಲ್ಲಿ ಎಷ್ಟೋ ಜನ ‘ಎಪಿಟಾಫ್’ ಹಾಡನ್ನು ಮೊದಲ ಸಲ ಕೇಳುತ್ತಿದ್ದಾರೆ. ನಾವ್ಯಾರೂ ಅದನ್ನು ಇನ್ನು ಹಾಗೆ ಕೇಳೋಕೆ ಆಗಲ್ಲ, ಅಲ್ವಾ?


ಡ್ರಮ್ಸ್_ಶಿಷ್ಯ:

ಮೇಡಂ, ಕೊನೆಯ ಸಾಲು ಓದಿ ಈಗಲೇ ನಾಲ್ಕನೇ ಡಿಸ್ಕ್ ಹಾಕಿದೆ.


ತಾಳಮದ್ದಳೆ_ಮೊಮ್ಮಗ:

ನಾನು ಇಷ್ಟು ದಿನ ಬರೀ ಓದುತ್ತಿದ್ದವನು. ರಾಕ್ ಸಂಗೀತ ನನಗೆ ಜಾಸ್ತಿ ಗೊತ್ತಿಲ್ಲ. ಟೇಪು ಅನ್ನುವ ಪದ ನೋಡಿ ಬಂದೆ.

ನಮ್ಮ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರ ದನಿ ಇರುವ ಕ್ಯಾಸೆಟ್ ಎರಡೇ ಎರಡು ಉಳಿದಿವೆ. ಒಂದನ್ನು ಡಿಜಿಟಲ್ ಮಾಡಿಸೋಕೆ ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಸುಸ್ ಅನ್ನೋ ಸದ್ದು ತೆಗೆಯುತ್ತೇವೆ ಅಂತ ಹೇಳಿ ಅಜ್ಜನ ದನಿಯನ್ನೂ ತೆಗೆದುಬಿಟ್ಟರು. ನೀರಿನೊಳಗಿಂದ ಮಾತಾಡಿದ ಹಾಗಿದೆ. ಇನ್ನೊಂದು ಕ್ಯಾಸೆಟ್ ಯಾರಿಗೂ ಕೊಟ್ಟಿಲ್ಲ. ನಾನೇ ಮಾಡೋಣ ಅಂತಿದ್ದೇನೆ. ಈ ಡಿಜಿಎಂನವರು ಹಳೆ ಟೇಪು ಸರಿ ಮಾಡುವುದು ಹೇಗೆ ಅಂತ ಗೊತ್ತಿದ್ದವರು ಹೇಳುತ್ತೀರಾ?


ಹಳೆರೀಲು:

ಅವರ ಸ್ಟುಡಿಯೋದ ಒಳಗಿನ ಗುಟ್ಟು ಹೇಳೋಕೆ ಆಗಲ್ಲ. ಆದರೆ ಇಂಥ ಟೇಪುಗಳ ಜೊತೆ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ತಿಳಿದಿದ್ದು ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಹುಡುಕಬೇಕಾದದ್ದು ಮೂಲ ಟೇಪು. ಕಾಪಿ ಮಾಡಿದಾಗಲೆಲ್ಲ ಸುಸ್ ಸದ್ದು ಏರುತ್ತೆ, ಮೇಲಿನ ಸ್ವರಗಳು ಮಂಕಾಗುತ್ತವೆ. 1969ರ ಎಷ್ಟೋ ಶೋಗಳು ಕೈಯಿಂದ ಕೈಗೆ ಹೋಗಿ ಕಾಪಿಯ ಕಾಪಿಯ ಕಾಪಿ ಆಗಿದ್ದವು. ಹಾಗಾಗಿ ಒಂದು ಕಾಪಿ ಹಿಂದಕ್ಕೆ ಹೋಗೋಕೆ ಆದರೂ ದೊಡ್ಡ ಲಾಭ. ಅದನ್ನು ಯಾವ ಸಾಫ್ಟ್‌ವೇರೂ ಕೊಡಲ್ಲ.

ಎರಡನೆಯದು ವೇಗ. ಇದನ್ನು ಜನ ಮರೆಯುತ್ತಾರೆ, ಆದರೆ ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ರೆಕಾರ್ಡ್ ಮಾಡಿದ ಯಂತ್ರ ನಿಧಾನ ಓಡಿದ್ದರೆ, ಸರಿಯಾದ ಯಂತ್ರದಲ್ಲಿ ಹಾಕಿದಾಗ ಹಾಡು ಬೇಗ ಓಡುತ್ತೆ, ಶ್ರುತಿ ಏರುತ್ತೆ. ಬ್ಯಾಟರಿ ಇಳಿಯುತ್ತಾ ಹೋದರೆ ಶೋ ಮುಂದೆ ಹೋದ ಹಾಗೆ ಶ್ರುತಿ ಏರುತ್ತಲೇ ಹೋಗುತ್ತೆ. ‘ಎಪಿಟಾಫ್’ ಹಾಡು ಇ ಮೈನರ್‌ನಲ್ಲಿ ಇರುವುದು. ನಿಮ್ಮ ಟೇಪಿನಲ್ಲಿ ಅದು ಎಫ್ ಹತ್ತಿರ ಕೇಳುತ್ತಿದ್ದರೆ ಟೇಪು ಬೇಗ ಓಡುತ್ತಿದೆ ಅಂತ ಅರ್ಥ.

ಇನ್ನೊಂದು ಉಪಾಯ ಕರೆಂಟಿನ ಗುಂಯ್‌ಗುಡುವ ಸದ್ದು. ಇಂಗ್ಲೆಂಡಿನ ಕರೆಂಟು ಸೆಕೆಂಡಿಗೆ 50 ಸಲ ಅದುರುತ್ತೆ, ಅಮೆರಿಕದ್ದು 60 ಸಲ. ಆಂಪ್ಲಿಫೈಯರ್‌ಗಳಿಂದ ಬರುವ ಆ ಸಣ್ಣ ಗುಂಯ್ ಟೇಪಿನಲ್ಲಿ ಸೇರಿಕೊಂಡಿರುತ್ತೆ. ಲಂಡನ್ನಿನ ಶೋದಲ್ಲಿ ಅದು 52 ತೋರಿಸಿದರೆ ಟೇಪು ಶೇಕಡ 4ರಷ್ಟು ಬೇಗ ಓಡುತ್ತಿದೆ. ಒಂದು ಗಂಟೆಯ ಶೋ 58 ನಿಮಿಷದೊಳಗೆ ಮುಗಿದುಹೋಗುತ್ತೆ. ಹಾಡುವವರ ದನಿ ತೆಳ್ಳಗಾಗುತ್ತೆ. ಎಲ್ಲರೂ ಏನೋ ಅವಸರದಲ್ಲಿ ನುಡಿಸಿದ ಹಾಗೆ ಅನಿಸುತ್ತೆ. ಬ್ಯಾಂಡು ಅವಸರ ಮಾಡಿರುವುದಿಲ್ಲ, ಟೇಪು ಮಾಡಿರುತ್ತೆ. ಸುಮ್ನೆ ಅವರ ಮೇಲೆ ಅಪವಾದ.

ಮೂರನೆಯದು ಹೆಡ್ಡಿನ ಓರೆ. ಪ್ಲೇಯರಿನ ಹೆಡ್ಡು, ಅಂದರೆ ಟೇಪನ್ನು ಓದುವ ಭಾಗ, ಟೇಪಿಗೆ ಸರಿಯಾಗಿ ನೇರ ನಿಲ್ಲದಿದ್ದರೆ ಮೇಲಿನ ಸ್ವರ ಸತ್ತುಹೋಗುತ್ತೆ. ಹೆಡ್ಡಿನ ಪಕ್ಕದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತೆ. ಟೇಪು ಓಡಿಸಿಕೊಂಡು, ಕಿವಿ ಇಟ್ಟು, ಕೂದಲೆಳೆಯಷ್ಟು ತಿರುಗಿಸಬೇಕು. ಒಂದು ಕಡೆ ದನಿ ತಟ್ಟನೆ ಅರಳುತ್ತೆ. ಅಲ್ಲಿ ಬಿಡಬೇಕು.

ಸುಸ್ ತೆಗೆಯೋದು ಎಲ್ಲಕ್ಕಿಂತ ಕೊನೆಗೆ. ಅದೂ ಚೂರೇ ಚೂರು. ಸುಸ್ ಜೊತೆಗೆ ತಾಳದ ತಟ್ಟು, ಉಸಿರು, ಕೋಣೆಯ ಗಾಳಿ ಎಲ್ಲ ಬೆರೆತಿರುತ್ತೆ. ನಿಮ್ಮ ಅಜ್ಜನ ಮೊದಲ ಕ್ಯಾಸೆಟ್‌ಗೆ ಆಗಿದ್ದು ಅದೇ. ಕ್ಯಾಸೆಟ್ ವಾಪಸ್ ಸಿಕ್ಕಿದೆ ತಾನೇ? ಹಾಗಿದ್ದರೆ ಚಿಂತೆ ಬೇಡ. ದನಿ ಇನ್ನೂ ಅದರಲ್ಲೇ ಇದೆ. ಹಾಳಾಗಿರುವುದು ಫೈಲು ಮಾತ್ರ.


ತಾಳಮದ್ದಳೆ_ಮೊಮ್ಮಗ:

ಸಿಕ್ಕಿದೆ ಸರ್. ಈ ಮಾತು ಕೇಳಿ ಎಷ್ಟು ನೆಮ್ಮದಿ ಆಯಿತು ಅಂದರೆ, ಅಮ್ಮನಿಗೂ ಓದಿ ಹೇಳಿದೆ.


ಡ್ರಮ್ಸ್_ಶಿಷ್ಯ:

@ಹಳೆರೀಲು ಅಣ್ಣ, ಗುಂಯ್ ವಿಷಯದಲ್ಲಿ ಒಂದು ಅನುಮಾನ. ಕಾಪಿ ಮಾಡುವಾಗ ಆ ಯಂತ್ರದ ಗುಂಯ್ ಸಹ ಸೇರಿಕೊಳ್ಳಲ್ವಾ? ಶೋದ ಗುಂಯ್ ಯಾವುದು, ಕಾಪಿಯ ಗುಂಯ್ ಯಾವುದು ಅಂತ ಹೇಗೆ ಗೊತ್ತಾಗುತ್ತೆ?


ಹಳೆರೀಲು:

ಒಳ್ಳೆ ಪ್ರಶ್ನೆ. ಸೇರಿಕೊಳ್ಳುತ್ತೆ. ಎಷ್ಟೋ ಟೇಪಿನಲ್ಲಿ ಎರಡು ಮೂರು ಗುಂಯ್ ಅಕ್ಕಪಕ್ಕ ಇರುತ್ತವೆ. ಹಾಡುಗಳ ನಡುವೆ ಆಂಪ್ಲಿಫೈಯರ್ ದನಿ ಏರಿಸಿ ಇಳಿಸಿದಾಗ ಜೊತೆಗೆ ಏರಿ ಇಳಿಯುವುದು ವೇದಿಕೆಯದ್ದು. ಯಾವಾಗಲೂ ಒಂದೇ ಮಟ್ಟದಲ್ಲಿ ಇರುವುದು ಕಾಪಿಯದ್ದು. ಅದನ್ನೊಂದೇ ನಂಬಿ ಕೂರಬಾರದು. ಕೊಳಲು, ಸ್ಯಾಕ್ಸೊಫೋನಿನ ಶ್ರುತಿಯನ್ನೂ ಹೋಲಿಸಿ ನೋಡಬೇಕು.

ಮೆಲ್ಲೊಟ್ರಾನ್ ಶ್ರುತಿಯನ್ನು ಮಾತ್ರ ನಂಬಬೇಡಿ. ಅದು ಅದರ ಪಾಡಿಗೆ ಅದು.


ಹೊಸಕಿವಿ:

ಮೆಲ್ಲೊಟ್ರಾನ್ ಅಂದರೆ ಏನು ಅಂತ ಯಾರಾದರೂ ಹೇಳ್ತೀರಾ? ಹುಡುಕಿ ಓದಿದೆ, ಆದರೂ ಸರಿಯಾಗಿ ಅರ್ಥ ಆಗಲಿಲ್ಲ.


ಮೆಲ್ಲೊಟ್ರಾನ್_ಮೋಹಿ:

ಹೆಸರೇ ಇಟ್ಟುಕೊಂಡಿದ್ದೇನೆ, ನಾನೇ ಹೇಳುತ್ತೇನೆ.

ನೋಡೋಕೆ ಹಾರ್ಮೋನಿಯಂ ಥರ ಮನೆಗಳಿರುವ ದೊಡ್ಡ ಪೆಟ್ಟಿಗೆ. ಒಳಗೆ ತಂತಿಯೂ ಇಲ್ಲ, ತಿದಿಯೂ ಇಲ್ಲ. ಪ್ರತಿ ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯ ಮೇಲೆ ಯಾರೋ ನಿಜವಾದ ಪಿಟೀಲುಗಳನ್ನೋ ಕೊಳಲನ್ನೋ ಆ ಒಂದು ಸ್ವರದಲ್ಲಿ ಮೊದಲೇ ನುಡಿಸಿ ರೆಕಾರ್ಡ್ ಮಾಡಿಟ್ಟಿರುತ್ತಾರೆ. ಮನೆ ಒತ್ತಿದರೆ ಪಟ್ಟಿ ಹೆಡ್ಡಿನ ಮೇಲೆ ಓಡುತ್ತೆ, ಸ್ವರ ಬರುತ್ತೆ. ಬಿಟ್ಟರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೆ. ಪಟ್ಟಿ ಇರುವುದು ಸುಮಾರು ಎಂಟು ಸೆಕೆಂಡಿನಷ್ಟು ಮಾತ್ರ. ಅದಕ್ಕಿಂತ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಸ್ವರ ನಿಂತೇಹೋಗುತ್ತೆ. ಆದ್ದರಿಂದ ಬೆರಳು ಎತ್ತಿ ಎತ್ತಿ ನುಡಿಸಬೇಕು. ಮಾರ್ಕ್ ಟೂ ಅನ್ನೋ ಮಾದರಿಯಲ್ಲಿ ಎಡಕ್ಕೆ 35 ಮನೆ, ಬಲಕ್ಕೆ 35 ಮನೆ. ಇಷ್ಟು ಪಟ್ಟಿ ಎಳೆಯೋಕೆ ಒಂದು ಮೋಟರು. ಕರೆಂಟು ಏರಿಳಿದರೆ ಮೋಟರು ಏರಿಳಿಯುತ್ತೆ, ಶ್ರುತಿ ಜಾರುತ್ತೆ. ಸೆಕೆ, ತೇವ ಯಾವುದೂ ಆಗಿಬರಲ್ಲ. ಇಂಥದ್ದನ್ನು ವ್ಯಾನಿಗೆ ಏರಿಸಿ ಊರೂರು ಸುತ್ತಿದ್ದಾರೆ!

ಈಗ ‘ಮಾರ್ಸ್’ ಕೇಳಿ. ಐದು ಎಣಿಕೆಯ ಒಂದೇ ನಡೆ, ಮೊದಲಿಂದ ಕೊನೆವರೆಗೆ. ಕೆಳಗೆ ಡ್ರಮ್ಸು, ಬೇಸು ಬಿಡದೆ ಅದನ್ನೇ ಕುಟ್ಟುತ್ತಿರುತ್ತವೆ. ಮೇಲೆ ಮೆಕ್‌ಡೊನಾಲ್ಡ್ ಮೆಲ್ಲೊಟ್ರಾನ್‌ನಲ್ಲಿ ಪಿಟೀಲುಗಳ ಗುಂಪನ್ನು ಎಬ್ಬಿಸುತ್ತಾರೆ. ಅದು ಮೆಲ್ಲಗೆ ಶ್ರುತಿ ತಪ್ಪುತ್ತಾ, ನರಳುತ್ತಾ ಏರುತ್ತೆ. ಹೋಲ್ಸ್ಟ್ ಇದನ್ನು 1914ರಲ್ಲಿ ದೊಡ್ಡ ಆರ್ಕೆಸ್ಟ್ರಾಗೆ ಬರೆದದ್ದು. ಇಲ್ಲಿ ನಾಲ್ಕು ಜನ, ಒಂದು ಪೆಟ್ಟಿಗೆ. ಶೋದ ಕೊನೆಗೆ ಇದನ್ನು ಕೇಳಿದವರು ಮನೆಗೆ ಹೇಗೆ ನಡೆದುಕೊಂಡು ಹೋದರೋ ಅನಿಸುತ್ತೆ. ಎರಡನೇ ಆಲ್ಬಮ್‌ಗೆ ಹಾಕೋಣ ಅಂದರೆ ಹೋಲ್ಸ್ಟ್ ಕಡೆಯವರ ಒಪ್ಪಿಗೆ ಸಿಗಲಿಲ್ಲ. ಅದಕ್ಕೆ ಬದಲಾಯಿಸಿ ಬೇರೆ ಹೆಸರಲ್ಲಿ ಹಾಕಿದರು. ಚೆನ್ನಾಗಿದೆ, ಆದರೆ ಆ ಭಯ ಅದರಲ್ಲಿಲ್ಲ. ಭಯ ಇರುವುದು ಟೇಪಿನಲ್ಲಿ ಮಾತ್ರ.


ಜಯನಗರ_4ನೇಬ್ಲಾಕ್:

ನಿನ್ನೆ ರಾತ್ರಿ ಡಿಸೆಂಬರ್ 14ರ ಶೋ ಪೂರ್ತಿ ಕೇಳಿದೆ. ನಿಮ್ಮೆಲ್ಲರ ಮಾತಿಗೆ ಬೆಲೆ ಕೊಟ್ಟು.

ಈ ರೆಕಾರ್ಡಿಂಗ್ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಕೇಳುವ ಮೊದಲು ಆ ರಾತ್ರಿಯ ಹಿನ್ನೆಲೆ ಓದಿಕೊಂಡೆ. ಮೆಕ್‌ಡೊನಾಲ್ಡ್ ಮತ್ತು ಜೈಲ್ಸ್ ಬ್ಯಾಂಡು ಬಿಡುತ್ತೇವೆ ಅಂತ ಆಗಲೇ ಹೇಳಿಯಾಗಿತ್ತು. ನಾನು ಬೇಕಾದರೆ ಹೊರಗೆ ಹೋಗುತ್ತೇನೆ, ನೀವು ಬ್ಯಾಂಡು ಉಳಿಸಿಕೊಳ್ಳಿ ಅಂತ ಫ್ರಿಪ್ ಕೇಳಿಕೊಂಡಿದ್ದರು. ಅವರು ಒಪ್ಪಲಿಲ್ಲ. ಅದೇ ಫಿಲ್ಮೋರ್‌ನಲ್ಲಿ ದಿ ನೈಸ್ ಬ್ಯಾಂಡಿನ ಕೀತ್ ಎಮರ್ಸನ್ ಜೊತೆ ಗ್ರೆಗ್ ಲೇಕ್ ಮಾತಾಡಿಕೊಂಡರು. ಮುಂದೆ ಆ ಮಾತಿನಿಂದಲೇ ಎಮರ್ಸನ್, ಲೇಕ್ ಅಂಡ್ ಪಾಮರ್ ಹುಟ್ಟಿತು. ಅಂದರೆ ವೇದಿಕೆ ಮೇಲಿದ್ದ ನಾಲ್ವರಿಗೂ ಇದು ಮುಗಿಯಿತು ಅಂತ ಗೊತ್ತು.

ಗೊತ್ತಿದ್ದೂ ಯಾರೂ ಕೈ ಬಿಟ್ಟು ನುಡಿಸಿಲ್ಲ. ನಾನು ಕಾದು ಕೂತಿದ್ದೆ. ಎಲ್ಲಾದರೂ ಬೇಸರ, ಸೋಮಾರಿತನ ಕೇಳಿಸುತ್ತಾ ಅಂತ. ಕೇಳಿಸಲಿಲ್ಲ. ಮಧ್ಯೆ ಸುಮ್ನೆ ಮನಸ್ಸಿಗೆ ಬಂದಿದ್ದು ನುಡಿಸುವ ಭಾಗ ಇದೆಯಲ್ಲ, ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಕಿವಿ ಕೊಟ್ಟು ನುಡಿಸುವುದು ಗೊತ್ತಾಗುತ್ತೆ. ಅದು ನನಗೆ ತುಂಬಾ ತಟ್ಟಿತು. ಆಲ್ಬಮ್ ಈ ಕಥೆ ಹೇಳೋದಿಲ್ಲ. ಅಷ್ಟು ಮಟ್ಟಿಗೆ ನೀವು ಹೇಳಿದ್ದು ಸರಿ.

ಹೈಡ್ ಪಾರ್ಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.


ಲೀಡ್ಸ್_ಕನ್ನಡತಿ:

ಹೈಡ್ ಪಾರ್ಕಿನದಕ್ಕೆ ಇನ್ನೊಂದು ಅವಕಾಶ ಕೊಡಿ ಸರ್, ಆದರೆ ಮಾರ್ಕೀ ಶೋ ಜೊತೆ ಹಿಂದೆ ಮುಂದೆ ಇಟ್ಟುಕೊಂಡು. ಒಂದು ದಿನ ಸಮುದ್ರದಷ್ಟು ಜನ. ಮಾರನೇ ದಿನ ವಾರ್ಡೂರ್ ಸ್ಟ್ರೀಟಿನ ಇಕ್ಕಟ್ಟಾದ ಕ್ಲಬ್ಬು. ಅವೇ ಹಾಡುಗಳನ್ನು ಅದೇ ನಾಲ್ವರು ನುಡಿಸುತ್ತಾರೆ. ಜಾಗ ಬದಲಾದರೆ ಒಂದೇ ಸಂಗೀತ ಎಷ್ಟು ಬದಲಾಗುತ್ತೆ ಅನ್ನೋದು ಕೇಳಿಸುತ್ತೆ.

ರೆಕಾರ್ಡಿಂಗ್ ಗುಣಮಟ್ಟದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 1972ರಲ್ಲಿ ಮುಂದಿನ ಕ್ರಿಮ್ಸನ್ ತಂಡ ‘ಅರ್ಥ್‌ಬೌಂಡ್’ ಅಂತ ಲೈವ್ ಆಲ್ಬಮ್ ಬಿಟ್ಟಿತು. ಅದನ್ನು ರೆಕಾರ್ಡ್ ಮಾಡಿದ್ದು ಬರೀ ಒಂದು ಕ್ಯಾಸೆಟ್ ಯಂತ್ರದ ಮೇಲೆ. ಒಂದು ಕಡೆಯಂತೂ ಮಳೆಯಲ್ಲಿ, ಫೋಕ್ಸ್‌ವ್ಯಾಗನ್ ಗಾಡಿಯ ಹಿಂಬದಿಯಿಂದ. ಸದ್ದು ಚೆನ್ನಾಗಿಲ್ಲ ಅಂತ ಅಮೆರಿಕದಲ್ಲಿ ಅದನ್ನು ಬಿಡುಗಡೆ ಮಾಡೋಕೆ ಕಂಪನಿ ಒಪ್ಪಲೇ ಇಲ್ಲ. ಇವತ್ತು ಅದನ್ನು ಪ್ರಾಣದಷ್ಟು ಪ್ರೀತಿಸುವವರು ಇದ್ದಾರೆ, ನಾನೂ ಒಬ್ಬಳು. ಅದರ ‘ಸ್ಕಿಜಾಯ್ಡ್ ಮ್ಯಾನ್’ನಲ್ಲಿ ದನಿ ಒಡೆದುಹೋಗುತ್ತೆ. ಆ ಒಡೆದ ದನಿಯೇ ನನಗೆ ಇಷ್ಟ.


ಡ್ರಮ್ಸ್_ಶಿಷ್ಯ:

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಿಕ್ಸಿಂಗ್ ಬೋರ್ಡಿನಿಂದ, ಅಂದರೆ ಮೈಕುಗಳ ಸದ್ದೆಲ್ಲ ಬಂದು ಸೇರುವ ಯಂತ್ರದಿಂದ, ತೆಗೆದದ್ದು ಒಳ್ಳೆಯದು, ಜನರ ಮಧ್ಯದಿಂದ ತೆಗೆದದ್ದು ಕೆಟ್ಟದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಚಿಕ್ಕ ಕ್ಲಬ್ಬುಗಳಲ್ಲಿ ಬೋರ್ಡಿಗೆ ಹೋಗುತ್ತಿದ್ದುದು ಜಾಸ್ತಿ ಹಾಡುವ ಮೈಕು, ಕೊಳಲಿನ ಮೈಕು. ಡ್ರಮ್ಸು, ಗಿಟಾರು ತಾವೇ ಸಾಕಷ್ಟು ಜೋರಾಗಿರುತ್ತವಲ್ಲ. ಹಾಗಾಗಿ ಬೋರ್ಡಿನ ಟೇಪಿನಲ್ಲಿ ಹಾಡು ಮುಂದೆ, ಡ್ರಮ್ಸು ಎಲ್ಲೋ ದೂರದಲ್ಲಿ. ಜನರ ಮಧ್ಯದ ಟೇಪು ಮಂಕಾಗಿರಬಹುದು, ಆದರೆ ಅಲ್ಲಿ ಕೂತವನಿಗೆ ಎಷ್ಟು ಡ್ರಮ್ಸು ಕೇಳಿತೋ ಅಷ್ಟೇ ನಮಗೂ ಕೇಳುತ್ತೆ. ನನ್ನಂಥ ಡ್ರಮ್ಸ್ ಕಲಿಯುವವನಿಗೆ ಅದೇ ಬೇಕು.


ಹೊಸಕಿವಿ:

ನೀವು ಹೇಳಿದ ಹಾಗೆ ಮೊದಲ ಎರಡು ಡಿಸ್ಕ್ ಕೇಳಿದೆ. ಇನ್ನೂ ಅಷ್ಟು ಗೊತ್ತಾಗಲ್ಲ, ಅನಿಸಿದ್ದು ಹೇಳುತ್ತೇನೆ. ಗ್ರೆಗ್ ಲೇಕ್‌ಗೆ ಆಗ ವಯಸ್ಸು 22. ಆ ‘ಎಪಿಟಾಫ್’ ಹಾಡಿನಲ್ಲಿ ದನಿ ಅರವತ್ತು ವರ್ಷ ಬದುಕಿದವರ ಹಾಗಿದೆ. ಒಂದು ಹಾಡು ಮುಗಿದಮೇಲೆ ಚಪ್ಪಾಳೆ ಬರುತ್ತಲ್ಲ, ಆಗಲೇ ನನಗೆ ಇವರು ನಿಜವಾಗಿ ಇದ್ದ ಜನ ಅಂತ ಅನಿಸಿದ್ದು. ಲೇಕ್ 2016ರಲ್ಲಿ, ಮೆಕ್‌ಡೊನಾಲ್ಡ್ 2022ರಲ್ಲಿ, ಸಿನ್‌ಫೀಲ್ಡ್ 2024ರಲ್ಲಿ ತೀರಿಕೊಂಡರು ಅಂತ ಓದಿ ತುಂಬಾ ಬೇಜಾರಾಯಿತು. ಈಗಷ್ಟೇ ಪರಿಚಯ ಆದವರು.

ಇನ್ನು ಮಾರ್ಕೀ ಕೇಳುತ್ತೇನೆ.


ತಾಳಮದ್ದಳೆ_ಮೊಮ್ಮಗ:

ಹಳೆರೀಲು ಸರ್ ಹೇಳಿದ ಹಾಗೆ ಎರಡನೇ ಕ್ಯಾಸೆಟ್ ಮಾಡಿದೆ. ಹೆಡ್ಡಿನ ಸ್ಕ್ರೂ ತಿರುಗಿಸುವಾಗ ಕೈ ನಡುಗುತ್ತಿತ್ತು. ನೀವು ಹೇಳಿದ್ದು ನಿಜ, ಒಂದು ಕಡೆ ದನಿ ಅರಳಿತು.

ದೇವಸ್ಥಾನದ ಅಂಗಳದಲ್ಲಿ ಮೈಕ್ ಸೆಟ್ ಇತ್ತಂತೆ, ಗುಂಯ್ ಸಿಕ್ಕಿತು. ಕಂಪ್ಯೂಟರಿನಲ್ಲಿ ನೋಡಿದರೆ 47.5 ಹತ್ತಿರ ತೋರಿಸುತ್ತೆ. ಅಂದರೆ ಟೇಪು ನಿಧಾನ ಓಡುತ್ತಿದೆ, ಸರಿನಾ? ಅಜ್ಜನ ದನಿ ಇಷ್ಟು ದಪ್ಪ ಇರಲಿಲ್ಲ ಅಂತ ಅಮ್ಮ ಮೊದಲಿಂದ ಹೇಳುತ್ತಿದ್ದರು. ನಾವ್ಯಾರೂ ನಂಬಿರಲಿಲ್ಲ.


ಹಳೆರೀಲು:

ಸರಿ. ಆದರೆ ಒಂದು ಎಚ್ಚರ. ಆ ಕಾಲದಲ್ಲಿ ನಮ್ಮ ಕರೆಂಟು ಯಾವಾಗಲೂ 50ರಲ್ಲೇ ನಿಲ್ಲುತ್ತಿರಲಿಲ್ಲ, ಇಳಿಯುತ್ತಿತ್ತು. ಹಾಗಾಗಿ ಗುಂಯ್ ಒಂದನ್ನೇ ನಂಬಬೇಡಿ. ಭಾಗವತರ ಶ್ರುತಿ ಪೆಟ್ಟಿಗೆ ಕೇಳಿಸುತ್ತಾ? ಅವರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರು ಅಂತ ಗೊತ್ತಿರುವವರು ಊರಲ್ಲಿ ಯಾರಾದರೂ ಇದ್ದಾರಾ, ಕೇಳಿ ನೋಡಿ.


ತಾಳಮದ್ದಳೆ_ಮೊಮ್ಮಗ:

ಕೇಳಿದೆ ಸರ್. ಆಗ ಮದ್ದಳೆ ಬಾರಿಸುತ್ತಿದ್ದವರು ಇನ್ನೂ ಇದ್ದಾರೆ. ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ, ಅಂತ ಒಂದೇ ಮಾತಲ್ಲಿ ಹೇಳಿದರು. ಟೇಪಿನಲ್ಲಿ ಅದು ಬಿಳಿ ಎರಡಕ್ಕಿಂತ ಚೂರು ಮೇಲಿತ್ತು. ಕಪ್ಪು ಎರಡಕ್ಕೆ ತಂದು ನಿಲ್ಲಿಸಿದೆ. ಗುಂಯ್ ನೋಡಿದರೆ 50ರ ಹತ್ತಿರ ಬಂದು ಕೂತಿದೆ! ಸುಸ್ ಸದ್ದು ಮುಟ್ಟಲೇ ಇಲ್ಲ.

ಅಮ್ಮನಿಗೆ ಹಾಕಿದೆ. ಎರಡು ವಾಕ್ಯ ಕೇಳಿ, ಇದು ಅಪ್ಪ ಅಂದರು.


ಹಳೆರೀಲು:

ತುಂಬಾ ಸಂತೋಷ. ವೇಗ ಸರಿ ಮಾಡುವ ಮೊದಲಿನ ಫೈಲನ್ನು ಅಳಿಸಬೇಡಿ. ಎರಡನ್ನೂ ಬೇರೆ ಬೇರೆ ಎರಡು ಕಡೆ ಇಡಿ. ಕ್ಯಾಸೆಟ್ಟನ್ನು ನಿಲ್ಲಿಸಿ ಇಡಿ, ಸ್ಪೀಕರಿನ ಹತ್ತಿರ ಬೇಡ. ಮೊದಲ ಕ್ಯಾಸೆಟ್ ಯಾವಾಗ ಮಾಡುತ್ತೀರಿ ಹೇಳಿ, ಜೊತೆಗಿರುತ್ತೇನೆ.